ನಡುವಿನ ಸೀಟು

೧೪ ಏಪ್ರಿಲ್ ೨೦೦೩, ಸೋಮವಾರ. ಮೆಲ್ಬರ್ನ್

ನಮ್ಮ ಆಯಿ, ಅಪ್ಪನ ಅವ್ವ, ಕತೆ ಹೇಳುವಾಗ ಎದುರಿಗೆ ಕೂತವರು ‘ಹೂಂ’ ಅನ್ನುತ್ತಿರಬೇಕಿತ್ತು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. “ಹೂಂ ಅನ್ನೋರಿಲ್ಲದ ಕತಿ ಹೇಳಿದ್ರ ಗ್ವಾಡಿ ಬಿರಕ ಬಿಡತಾವ” ಅನ್ನುತ್ತಿದ್ದಳು. ಚಿಕ್ಕಂದಿನಲ್ಲಿ ಹೂಂ ಅನ್ನುವ ಕೆಲಸ ನನ್ನದು. ಆಮೇಲೆ ಆಯಿಯ ಕತೆಗಳೆಲ್ಲ ನನ್ನ ಪಾಲಿಗೆ ಬಂದವು, ಹೂಂ ಅನ್ನುವ ಕೆಲಸ ತಂಗಿ ವಿಜಯಳ ಪಾಲಿಗೆ. ಈ ಪುಸ್ತಕಕ್ಕೆ ಹೂಂ ಅನ್ನುವವರು ಯಾರೂ ಇಲ್ಲ. ಗೋಡೆ ಬಿರುಕು ಬಿಟ್ಟರೆ ಬಿಡಲಿ, ಬಾಡಿಗೆ ಮನೆ.

ಆದದ್ದನ್ನು ಒಮ್ಮೆ ನೆಟ್ಟಗೆ ಬರೆದಿಡುತ್ತೇನೆ. ಹೋದ ವಾರದ ಹಿಂದಿನ ಭಾನುವಾರ ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ವಿಜಯಳ ಕುಬಸ, ಅಂದರೆ ಸೀಮಂತ. ಅಪ್ಪ ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯೇ ಅವಳ ತವರು. ಹಸಿರು ಸೀರೆ, ಹಸಿರು ಬಳೆ ತೆಗೆದುಕೊಂಡು ನಾನೂ ನನ್ನ ಹೆಂಡತಿ ಹೇಮಲತಾನೂ ಇಲ್ಲಿಂದ ಹೋಗಿದ್ದೆವು. ಊಟ, ಹಾಡು, ಉಡಿ ತುಂಬುವುದು ಎಲ್ಲ ಮುಗಿದ ಮೇಲೆ ವೆಸ್ಟ್‌ಮೀಡ್‌ನ ಅವರ ಫ್ಲ್ಯಾಟಿಗೆ ಹೊರಟೆವು. ಓಡಿಸುತ್ತಿದ್ದವನು ಅವಳ ಗಂಡ ಪ್ರಮೋದ್. ಹಿರಿಯ ಅಂತ ನನ್ನನ್ನು ಮುಂದೆ ಕೂರಿಸಿದರು. ಹಿಂದೆ ಒಂದು ಕಿಟಕಿಗೆ ಹೇಮಾ, ಇನ್ನೊಂದಕ್ಕೆ ಅವರ ಪರಿಚಯದ, ಬೆಳಗಾವಿ ಕಡೆಯ ಬಸಕ್ಕ, ನಡುವೆ ವಿಜಯ. ಬಸುರಿಯನ್ನು ಅಂಚಿಗೆ ಕೂರಿಸಬಾರದು, ಗಾಳಿ ತಾಗುತ್ತದೆ, ದೃಷ್ಟಿ ಆಗುತ್ತದೆ, ಇಬ್ಬರು ಮುತ್ತೈದೆಯರ ನಡುವೆ ಇರಬೇಕು ಅಂದವಳು ಬಸಕ್ಕ. ನಾವೆಲ್ಲ ಹೌದೆಂದೆವು. ನಡುವಿನ ಜಾಗವೇ ಭದ್ರ ಅಂತ ಯಾರಿಗೆ ಅನ್ನಿಸುವುದಿಲ್ಲ?

ಸಿಗ್ನಲ್ಲಿನಲ್ಲಿ ಎದುರಿನ ಕಾರು ನಮ್ಮ ದಾರಿಗೆ ಅಡ್ಡ ತಿರುಗಿತು. ಪ್ರಮೋದನ ಮೊಣಕಾಲು ತರಚಿತು. ಬಸಕ್ಕನ ಮಣಿಕಟ್ಟು ಮುರಿಯಿತು. ಹೇಮಾಳಿಗೂ ನನಗೂ ಎದೆಯ ಮೇಲೆ ಬೆಲ್ಟಿನ ಬರೆ. ನನ್ನದು ಎಡ ಭುಜದಿಂದ ಬಲ ಸೊಂಟಕ್ಕೆ ನೇರಳೆ ಬಣ್ಣದ ಜನಿವಾರದ ಹಾಗಿದೆ. ಲಿಂಗಾಯತರ ಹುಡುಗನಿಗೆ ಕಾರು ಮುಂಜಿ ಮಾಡಿತು.

ಹಿಂದಿನ ನಡುವಿನ ಸೀಟಿಗೆ ಮಾತ್ರ ಭುಜದ ಬೆಲ್ಟ್ ಇರಲಿಲ್ಲ. ಹಳೆಯ ಕಾರು. ತೊಡೆಯ ಮೇಲೆ ಹಾಯುವ ಸೊಂಟದ ಬೆಲ್ಟ್ ಒಂದೇ. ವಿಜಯ ಅದರ ಮೇಲೆ ಮಡಚಿಕೊಂಡಳು. ಕರುಳಿಗೆ ಆಪರೇಷನ್ ಆಗಿದೆ. ಗರ್ಭ ಉಳಿಯಲಿಲ್ಲ. ಏಳನೇ ತಿಂಗಳು.

೧೭ ಏಪ್ರಿಲ್, ಗುರುವಾರ

ಕೆಲಸಕ್ಕೆ ಹೋದೆ. ನಮ್ಮದು ಕಾರಿನ ಸೀಟು, ಬೆಲ್ಟುಗಳನ್ನು ಪರೀಕ್ಷೆ ಮಾಡುವ ಪ್ರಯೋಗಾಲಯ. ಗೊಂಬೆಗಳನ್ನು ಕೂರಿಸಿ ಡಿಕ್ಕಿ ಹೊಡೆಸುವವರು ಕೆಳಗಿನ ಶೆಡ್ಡಿನಲ್ಲಿ. ನಾನು ಮೇಲೆ, ಕಾಗದದ ಕಡೆ. ಬೆಲ್ಟಿನ ಮಾನದಂಡ ಬದಲಿಸಬೇಕೆಂದು ಒಬ್ಬರು ಬರೆಯುತ್ತಾರೆ, ಬೇಡವೆಂದು ಇನ್ನೊಬ್ಬರು. ಯಾರ ವಾದ ನಿಲ್ಲುತ್ತದೆ, ಯಾರದು ಬೀಳುತ್ತದೆ ಅಂತ ತೂಗಿ ವರದಿ ಬರೆಯುವುದು ನನ್ನ ಕೆಲಸ. ಫೆಬ್ರವರಿಯಿಂದ ನನ್ನ ಮೇಜಿನ ಮೇಲೆ ಕೂತಿರುವ ಪ್ರಶ್ನೆ ಇದು: ಹಿಂದಿನ ನಡುವಿನ ಸೀಟಿಗೆ ಸೊಂಟದ ಬೆಲ್ಟ್ ಒಂದೇ ಸಾಕೇ?

ನಮ್ಮ ಮೇಲಧಿಕಾರಿ ಎಲೆನಿ. ಗ್ರೀಕರವಳು. ನನ್ನ ಮೇಜಿನ ಅಂಚಿಗೆ ಕೂತು, “ಚನ್ನಾ, ಇದನ್ನು ಬೇರೆಯವರಿಗೆ ಕೊಡುತ್ತೇನೆ” ಅಂದಳು. ಚನ್ನಮಲ್ಲಪ್ಪ ಅನ್ನಲು ಇಲ್ಲಿ ಯಾರಿಗೂ ಉಸಿರು ಸಾಲುವುದಿಲ್ಲ.

“ಬೇಡ.”

“ನಿನ್ನ ತಂಗಿಯ...”

“ಅದಕ್ಕೇ ಬೇಡ.”

ಅವಳು ಎದ್ದಳು. “ಸರಿ. ಆದರೆ ನೀನು ಬರೆಯುವ ಪ್ರತಿ ಸಾಲನ್ನೂ ಓದುತ್ತೇನೆ. ಎರಡು ಸಲ.”

ಟ್ರಾಮಿನಲ್ಲಿ ಬರುವಾಗ ಆಯಿಯ ಬಾವಿ ಕತೆ ನೆನಪಾಯಿತು. ಹೊಸ ಸೊಸೆಯ ಕೊಡ ಬಾವಿಗೆ ಬೀಳುತ್ತದೆ. ಪಂಚಾಯ್ತಿ ಸೇರುತ್ತದೆ. ಹಗ್ಗವನ್ನು ಕರೆಸಿ ಕೇಳಿದರೆ, ನಂದೇನ ತಪ್ಪು, ಗಾಲಿ ಕಡೀತು ಅನ್ನುತ್ತದೆ. ರಾಟೆಯ ಗಾಲಿ, ಬಡಿಗ ಓರೆ ಮಾಡಿದ ಅನ್ನುತ್ತದೆ. ಬಡಿಗ, ಕಟ್ಟಿಗೆ ಹಸಿ ಇತ್ತು ಅನ್ನುತ್ತಾನೆ. ಹೀಗೇ ಹೋಗುತ್ತದೆ, ಎಷ್ಟು ಬೇಕಾದರೂ ಎಳೆಯಬಹುದು, ಮಳೆಗಾಲಕ್ಕೆ ಒಳ್ಳೆಯದು. ಕೊನೆಗೆ ಏನಾಗುತ್ತದೆ ಅಂತ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ನಾನಾದರೆ ಹಗ್ಗಕ್ಕೇ ಶಿಕ್ಷೆ ಕೊಡುತ್ತಿದ್ದೆ.

೨ ಮೇ, ಶುಕ್ರವಾರ

ಸಂಜೆ ಆಫೀಸಿನಿಂದ ಬಂದ ಕೂಡಲೇ ವಿಜಯಳಿಗೆ ಫೋನ್. ದಿನಾ ಮಾಡುತ್ತೇನೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಅವಳು ಹೆಚ್ಚು ಮಾತಾಡುವುದಿಲ್ಲ. ನಾನೇ ಆಡುತ್ತೇನೆ. ಇವತ್ತು ಓದಿದ್ದನ್ನು ಹೇಳಿದೆ. ಕ್ವೀನ್ಸ್‌ಲ್ಯಾಂಡಿನ ಒಬ್ಬ ಡಾಕ್ಟರು ಬರೆದಿದ್ದಾರೆ, ಭುಜದ ಬೆಲ್ಟ್ ಇಲ್ಲದಿದ್ದರೆ ಮೈ ನಡುವಿನಲ್ಲಿ ಚಾಕು ಮಡಚಿದಂತೆ ಮಡಚುತ್ತದೆ, ಪೆಟ್ಟೆಲ್ಲ ಹೊಟ್ಟೆಗೆ ಮತ್ತು ಬೆನ್ನುಮೂಳೆಗೆ.

“ನೋಡು ವಿಜ್ಜಿ, ತಪ್ಪು ನಂದಲ್ಲ, ನಿಂದಲ್ಲ, ಪ್ರಮೋದಂದಲ್ಲ. ಆ ಬೆಲ್ಟ ಕೊಂದದ್ದು. ನಾ ಅದನ್ನ ಬಿಡೂದಿಲ್ಲ.”

“ಹಾಂ” ಅಂದಳು. ಹೂಂ ಅಲ್ಲ, ಹಾಂ.

ಎದುರು ಪಕ್ಷದ ಮೊದಲನೇ ವಾದ: ಸೊಂಟದ ಬೆಲ್ಟ್ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಲೆಕ್ಕ ಕೊಟ್ಟಿದ್ದಾರೆ. ಲೆಕ್ಕ ಸರಿಯಿದೆ. ನಾನು ಅಂಚಿನಲ್ಲಿ ‘ಯಾರಿಗೆ ಮೇಲು?’ ಅಂತ ಗೀಚಿದೆ. ಅದು ಉತ್ತರವಲ್ಲ ಅಂತ ನನಗೂ ಗೊತ್ತು.

ಎರಡನೇ ವಾದ: ನಡುವಿನ ಸೀಟಿನಲ್ಲಿ ಕೂರುವವರು ಕಡಿಮೆ, ಅಷ್ಟು ಕಡಿಮೆ ಜನಕ್ಕಾಗಿ ಎಲ್ಲ ಕಾರು ಬದಲಿಸಬೇಕೇ? ಇದಕ್ಕೆ ನನ್ನಲ್ಲಿ ಉತ್ತರವಿದೆ. ನಡುವೆ ಯಾರು ಕೂರುತ್ತಾರೆ ಅಂತ ಕೇಳಿ. ಒಂದೇ ಕಾರಿರುವ ಮನೆಯವರು, ಮೊನ್ನೆ ಮೊನ್ನೆ ಬಂದವರು, ಹಳೆಯ ಕಾರು ಕೊಂಡವರು. ಆ ಮನೆಯಲ್ಲೂ ಯಾರು? ಎಲ್ಲರಿಗಿಂತ ಚಿಕ್ಕವರು, ಇಲ್ಲವೇ ಎಲ್ಲರಿಗೂ ಬೇಕಾದವರು. ಎಲೆನಿ ಈ ಸಾಲಿಗೆ ಮಾತ್ರ ಸರಿ ಗುರುತು ಹಾಕಿದಳು. ಅವರ ಮನೆಯಲ್ಲಿ ನಡುವೆ ಕೂರುತ್ತಿದ್ದದ್ದು ಅವಳ ಅಜ್ಜಿಯಂತೆ.

ಹೇಮಾ ಸಿಡ್ನಿಯಿಂದ ಬಂದಾಗಿನಿಂದ ಸೀರೆ ಉಟ್ಟಿಲ್ಲ.

೯ ಮೇ, ಶುಕ್ರವಾರ

ಮೂರನೇ ವಾದ ಒಬ್ಬ ಗ್ಯಾರೇಜಿನವನದು. ಹಳೆಯ ಕಾರಿಗೆ ಭುಜದ ಬೆಲ್ಟ್ ತಂದು ಕೂರಿಸಿದರೆ ಹಿಂದಿನ ತಗಡು ಆ ಎಳೆತ ತಡೆಯುವುದಿಲ್ಲ, ಕಿತ್ತು ಬರುತ್ತದೆ ಅನ್ನುತ್ತಾನೆ. ಕೆಳಗಿನ ಶೆಡ್ಡಿಗೆ ಹೋಗಿ ಕೇಳಿದೆ. ಹೌದಂತೆ. ಬೇಜಾರಾಯಿತು.

ನಾಲ್ಕನೇ ವಾದ ಓದಿ ನಕ್ಕೆ. ಬಹಳ ದಿನದ ಮೇಲೆ ನಕ್ಕದ್ದು. ಸೊಂಟದ ಬೆಲ್ಟ್ ಅಪಾಯ ಅಂತ ಡಂಗುರ ಹೊಡೆದರೆ ಜನ ಬೆಲ್ಟ್ ಹಾಕುವುದನ್ನೇ ಬಿಡುತ್ತಾರಂತೆ. ಜನ ಅಷ್ಟು ದಡ್ಡರೇ? ಅಂಚಿನಲ್ಲಿ ದೊಡ್ಡದಾಗಿ ‘ಹುರುಳಿಲ್ಲ’ ಅಂತ ಬರೆದೆ. ಈ ಮಾತನ್ನು ವಿಜಯಳಿಗೂ ಹೇಳಿದೆ. ಅವಳು ನಗಲಿಲ್ಲ.

ಬೆಳಿಗ್ಗೆ ಅವಲಕ್ಕಿಗೆ ಕೊಬ್ಬರಿ ಉದುರಿಸಿರಲಿಲ್ಲ. ನಿನ್ನೆ ಚಟ್ನಿ ಇರಲಿಲ್ಲ. ಹೇಮಾಳನ್ನು ಕೇಳಿದರೆ, “ತಂದಿಲ್ಲರಿ” ಅಂದಳು. ಅಂಗಡಿ ಎದುರಿಗೇ ಇದೆ.

ಎದೆಯ ಬರೆ ಹಸಿರಿನಿಂದ ಹಳದಿಗೆ ತಿರುಗಿದೆ.

೨೦ ಮೇ, ಮಂಗಳವಾರ

ಕರಡು ಓದಿ ಎಲೆನಿ ಕರೆದಳು. ವಿಜಯಳ ಅಪಘಾತವನ್ನು ಹೆಸರಿಲ್ಲದೆ ಮೊದಲ ಪುಟದಲ್ಲೇ ಇಟ್ಟಿದ್ದೆ.

“ಈ ಹೆಂಗಸು ಬೆಲ್ಟ್ ಹೇಗೆ ಹಾಕಿಕೊಂಡಿದ್ದಳು?”

“ಹಾಕಿಕೊಂಡಿದ್ದಳು. ಕ್ಲಿಕ್ ಅಂದದ್ದು ನಾನೇ ಕೇಳಿದೆ.”

“ಹೇಗೆ ಅಂತ ಕೇಳಿದೆ, ಚನ್ನಾ. ಹೊಟ್ಟೆಯ ಕೆಳಗೆ, ಸೊಂಟದ ಮೂಳೆಗೆ ತಾಗಿ ಇತ್ತೋ? ಮೇಲೆ ಸರಿದಿತ್ತೋ? ಬಿಗಿ ಇತ್ತೋ?”

“ಸರಿಯಾಗಿಯೇ ಇತ್ತು.”

“ನೋಡಿದೆಯಾ?”

ನಾನು ಮುಂದೆ ಕೂತಿದ್ದೆ ಅಂದೆ. ಅವಳು ಆ ಪ್ಯಾರಾದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಅವಳ ಪೆನ್ನು ಕಿತ್ತು ಎಸೆಯಬೇಕು ಅನ್ನಿಸಿತು. ಬದಲಿಗೆ ಥ್ಯಾಂಕ್ಸ್ ಹೇಳಿ ಬಂದೆ.

ಮನೆಯಲ್ಲಿ ಹೇಮಾ ಇರಲಿಲ್ಲ. ಹಸಿವಾಗಿತ್ತು. ನಾನೇ ಚಟ್ನಿ ಅರೆಯೋಣ ಅಂತ ಕಪಾಟು ತಡಕಿದೆ. ಅಕ್ಕಿ ಡಬ್ಬಿಯ ಹಿಂದೆ ಒಂದು ತೆಂಗಿನಕಾಯಿ ಇತ್ತು. ಆಸ್ಪತ್ರೆಯ ಪ್ಲಾಸ್ಟಿಕ್ ಚೀಲದಲ್ಲಿ. ಅರಿಸಿನ ಕುಂಕುಮ ಹಚ್ಚಿದ್ದು. ಜುಟ್ಟು ಕೂಡ ಹಾಗೇ ಇದೆ.

ಒಡೆದಿಲ್ಲ. ಒಂದು ಸೀಳೂ ಇಲ್ಲ.

ಇದ್ದಲ್ಲೇ ಇಟ್ಟೆ. ಹೇಮಾ ಬಂದ ಮೇಲೆ ಕೇಳಲಿಲ್ಲ. ಬ್ರೆಡ್ ತಿಂದೆವು.

೨೧ ಮೇ, ಬುಧವಾರ

ಉಡಿ ತುಂಬಿಸಿಕೊಂಡವಳು ಮನೆಯ ಹೊಸ್ತಿಲು ದಾಟುವ ತನಕ ಉಡಿ ಬಿಚ್ಚಬಾರದು. ಅಕ್ಕಿ, ಕಾಯಿ, ಕುಪ್ಪಸದ ಖಣ ಎಲ್ಲ ಸೆರಗಿನಲ್ಲಿ, ಮಡಿಲಲ್ಲಿ.

ಇವತ್ತು ಬೇರೇನೂ ಬರೆಯುವುದಿಲ್ಲ.

೮ ಜೂನ್, ಭಾನುವಾರ. ಸಿಡ್ನಿ

ರಾಣಿಯ ಹುಟ್ಟುಹಬ್ಬದ ರಜೆ ಸೇರಿಸಿಕೊಂಡು ಒಬ್ಬನೇ ಬಂದೆ. ಹೇಮಾ ಬರುವುದಿಲ್ಲ ಅಂದಳು.

ವಿಜಯ ನಡೆಯುತ್ತಾಳೆ, ಅಡುಗೆ ಮಾಡುತ್ತಾಳೆ. ಬಳೆ ತೆಗೆದಿದ್ದಾಳೆ. ಪ್ರಮೋದ್ ಸ್ನೇಹಿತನ ಕಾರು ತಂದಿದ್ದ, ಬಸಕ್ಕನನ್ನು ನೋಡಿ ಬರೋಣ ಅಂತ. ವಿಜಯ ಹಿಂದೆ ಕಿಟಕಿ ಪಕ್ಕ ಕೂತಳು. ಪ್ರಮೋದ್ ಗಾಡಿ ಶುರು ಮಾಡಲಿಲ್ಲ. ಕನ್ನಡಿಯಲ್ಲಿ ನೋಡುತ್ತ ಕೂತ.

“ಭಾವ, ಹೇಳಿ ಅವಳಿಗೆ. ನಾನ್ ಹೇಳಿ ಹೇಳಿ ಸಾಕಾಯ್ತು. ಬೆಲ್ಟ್ ಹಾಕ್ಕೊಳಲ್ಲ ಅಂತಾಳೆ. ಪೊಲೀಸ್ ಹಿಡಿದ್ರೆ ಫೈನು, ಅದು ಹೋಗ್ಲಿ, ಏನಾದ್ರೂ ಆದ್ರೆ? ನಂಗೆ ಡ್ರೈವ್ ಮಾಡಕ್ಕೇ ಹೆದ್ರಿಕೆ.”

ನಾನು ತಿರುಗಿದೆ. ಭುಜದ ಬೆಲ್ಟ್ ಅವಳ ಪಕ್ಕದಲ್ಲಿ ಜೋತು ಬಿದ್ದಿತ್ತು.

“ವಿಜ್ಜಿ, ಹಾಕ್ಕೊಳವಾ.”

“ಯಾಕ?”

“ಯಾಕಂದ್ರ?”

“ನೀನ ಹೇಳಿದೆಲ್ಲೋ ಅಣ್ಣಾ. ಬೆಲ್ಟ ಕೊಂದದ್ದು ಅಂತ. ದಿನಾ ಸಂಜೀಕ ಫೋನ್ ಹಚ್ಚಿ ಹೇಳಿದ್ದಿ. ಚಿನ್ನಮ್ಮನ್ನ ಕೊಂದದ್ದನ್ನ ನಾ ಮೈಗೆ ಸುತ್ತಗೊಳ್ಳಲಿ ಅಂತಿಯೇನ?”

ಚಿನ್ನಮ್ಮ ನಮ್ಮ ಆಯಿಯ ಹೆಸರು. ಹೊಟ್ಟೆಯಲ್ಲಿದ್ದ ಕೂಸನ್ನು ಆ ಹೆಸರಿನಿಂದ ಕರೆಯುತ್ತಿದ್ದಳು ಅಂತ ನನಗೆ ಗೊತ್ತಿರಲಿಲ್ಲ.

ಆ ಬೆಲ್ಟ್ ಬೇರೆ, ಈ ಬೆಲ್ಟ್ ಬೇರೆ ಅಂತ ಹೇಳಲು ಬಾಯಿ ತೆರೆದೆ. ಎಷ್ಟು ಪುಟ ಬರೆದವನು ನಾನು! ಅಷ್ಟರಲ್ಲಿ ಅವಳು ಬಾಗಿಲು ತೆಗೆದು ಇಳಿದು, “ನಾ ನಡಕೋತ ಬರತೇನಿ, ನೀವು ಹೋಗ್ರಿ” ಅಂದಳು. ಈಗ ಎಲ್ಲ ಕಡೆಗೂ ನಡೆದೇ ಹೋಗುತ್ತಾಳಂತೆ. ಪ್ರಮೋದ್ ಸ್ಟೇರಿಂಗಿಗೆ ಹಣೆ ಹಚ್ಚಿದ.

ನಾನೂ ಇಳಿದು ಅವಳ ಜೊತೆ ನಡೆದೆ. ಬಸಕ್ಕನ ಮನೆ ದೂರವೇ ಇತ್ತು. ಅರ್ಧ ದಾರಿಯಲ್ಲಿ ಅವಳಾಗಿಯೇ ಹೇಮಾಳ ಮಾತು ತೆಗೆದಳು.

“ವೈನಿ ಮ್ಯಾಲ ಸಿಟ್ಟಾಗಬ್ಯಾಡ. ವೈನಿ ಕೇಳಿದ್ರು, ಕಾಯಿ ತಗದ ನನ್ನ ಕೈಯಾಗ ಕೊಡು, ಬೆಲ್ಟ ನೆಟ್ಟಗ ಕೂಡವಲ್ಲದು ಅಂತ. ನಾನ ಒಲ್ಲೆ ಅಂದೆ. ಮನಿ ಮುಟ್ಟೂತನಕ ಉಡಿ ಬಿಚ್ಚೂದಿಲ್ಲ, ಹಂಗ ಮ್ಯಾಲ ಹಾಕ್ರಿ ಅಂದೆ. ಕೂಸಿಗೆ ಚೊಲೊ ಆಗಲಿ ಅಂತ...”

ಬಸಕ್ಕನ ಮನೆ ಮುಟ್ಟಿದೆವು. ಬಸಕ್ಕ ಪಟ್ಟಿ ಕಟ್ಟಿದ ಕೈಯಲ್ಲೇ ಚಹಾ ಮಾಡಲು ಹೊರಟಳು. “ನಾನ ನಡುವ ಕುಂಡರಿಸಿದೆನಪ್ಪಾ, ನಾನ” ಅಂತ ಎದೆ ಬಡಿದುಕೊಂಡಳು. ವಿಜಯ ಅವಳ ಕೈಯಿಂದ ಚಹಾದ ಪಾತ್ರೆ ತೆಗೆದುಕೊಂಡಳು.

೧೦ ಜೂನ್, ಮಂಗಳವಾರ. ಮೆಲ್ಬರ್ನ್

ನಾಲ್ಕನೇ ವಾದದ ಪಕ್ಕದಲ್ಲಿದ್ದ ‘ಹುರುಳಿಲ್ಲ’ವನ್ನು ರಬ್ಬರಿನಿಂದ ಉಜ್ಜಿದೆ. ಪೆನ್ನಿನಲ್ಲಿ ಬರೆದಿದ್ದೆ. ಕಾಗದ ಹರಿಯಿತು.

೧೫ ಜೂನ್, ಭಾನುವಾರ

ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ, “ಹೇಮಾ, ವಿಜ್ಜಿ ಎಲ್ಲಾ ಹೇಳಿದಳು. ನೀ ಕಾಯಿ ಕೇಳಿದ್ದಿ ಅಂತ.”

ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. “ಕೇಳಿದೆ. ಒಂದ ಸಲ ಕೇಳಿದೆ. ಒಲ್ಲೆ ಅಂದಳು, ನಕ್ಕಳು, ನಾನೂ ನಕ್ಕು ಉಡಿ ಮ್ಯಾಲ ಎಳದು ಹಾಕಿದೆ. ಕ್ಲಿಕ್ ಅಂತು. ಇನ್ನೊಂದ ಸಲ ಕೇಳಬೇಕಾಗಿತ್ತು. ನೀವು ಮುಂದ ಇದ್ದಿರಿ, ನಿಮಗ ಹೇಳಬೇಕಾಗಿತ್ತು. ಬೆಲ್ಟಿನ ಇಂಜಿನಿಯರು ಮುಂದ ಕುಂತಾರ, ಅವರ ಹೇಳ್ತಾರ ಅಂತ ಸುಮ್ಮನಾದೆ.”

ಅವಳು ಅದನ್ನು ಚುಚ್ಚಲು ಹೇಳಿರಲಿಲ್ಲ. ಇದ್ದದ್ದನ್ನು ಹೇಳಿದ್ದಳು.

“ಆ ಕಾಯಿ ಯಾಕ ಇಟ್ಟಿ?”

“ಏನ ಮಾಡ್ಲಿ ಹೇಳ್ರಿ. ಒಡದು ಚಟ್ನಿ ಮಾಡ್ಲೇನು? ಕಸದ ಡಬ್ಬಿಗೆ ಹಾಕ್ಲೇನು? ನರ್ಸ್ ನನ್ನ ಕೈಯಾಗ ಕೊಟ್ಟಳು. ಕೂಸನ್ನ ಒಯ್ದು ಬಿಟ್ಟಿದ್ರು. ಕಾಯಿ ಅಷ್ಟ ಕೊಟ್ಟಳು.”

ಊಟ ಅಲ್ಲಿಗೇ ಬಿಟ್ಟೆವು. ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ.

೧೮ ಜುಲೈ, ಶುಕ್ರವಾರ

ವರದಿ ಕೊಟ್ಟೆ. ಎಲೆನಿಗೆ ಎಲ್ಲ ಹೇಳಿದೆ, ಉಡಿ ಅಂದರೇನು ಅಂತ ಕೂಡ. ಮಡಿಲಿಗೆ ಕೈ ಹಚ್ಚಿ ತೋರಿಸಬೇಕಾಯಿತು. ಅವಳು ತನ್ನ ಊರಿನಲ್ಲೂ ಬಸುರಿಯ ಮಡಿಲಿಗೆ ದಾಳಿಂಬೆ ಇಡುತ್ತಾರೆ ಅಂದಳು. ಆಮೇಲೆ ಮೂಗು ಸೀನಿಕೊಂಡು ಕೆಲಸದ ಮಾತಿಗೆ ಬಂದಳು.

ವಿಜಯಳ ಪ್ಯಾರಾ ತೆಗೆದಿದ್ದೇನೆ. ಅದಿಲ್ಲದೆಯೂ ವಾದ ನಿಲ್ಲುತ್ತದೆ. ಬೇರೆ ಆಸ್ಪತ್ರೆಗಳ ಲೆಕ್ಕ ಸಾಕಷ್ಟಿದೆ. ಹೊಸ ಕಾರುಗಳಲ್ಲಿ ನಡುವಿನ ಸೀಟಿಗೂ ಭುಜದ ಬೆಲ್ಟ್ ಇರಲೇಬೇಕು ಅಂತ ಬರೆದೆ. ಹಳೆಯ ಕಾರಿನವರನ್ನು ಹೆದರಿಸಬೇಡಿ ಅಂತಲೂ ಬರೆದೆ. ಸೊಂಟದ ಬೆಲ್ಟ್ ಅರ್ಧ ಬೆಲ್ಟು. ಅದನ್ನು ಕೆಳಗೆ, ಬಿಗಿಯಾಗಿ, ನಡುವೆ ಏನೂ ಇಲ್ಲದಂತೆ ಹಾಕಿಕೊಂಡರೆ ಆ ಅರ್ಧವಾದರೂ ಸಿಗುತ್ತದೆ. ಬಿಟ್ಟರೆ ಅದೂ ಇಲ್ಲ. ಬಸುರಿಯನ್ನು, ಮಕ್ಕಳನ್ನು ಕಿಟಕಿಯ ಪಕ್ಕಕ್ಕೆ, ಪೂರ್ತಿ ಬೆಲ್ಟ್ ಇರುವಲ್ಲಿ ಕೂರಿಸಿ ಅಂತ ಬರೆಯುವಾಗ ಕೈ ನಿಂತಿತು. ಎಷ್ಟು ಸಣ್ಣ ಮಾತು.

ಎಲೆನಿ ಎರಡು ಸಲ ಓದಿದಳು. ಈ ಸಲ ಎಲ್ಲೂ ಚಿಹ್ನೆ ಹಾಕಲಿಲ್ಲ.

ಸಂಜೆ ಫೋನ್ ಮಾಡಿದೆ. ವರದಿಯ ಸುದ್ದಿ ತೆಗೆಯಲಿಲ್ಲ. ಏನು ಅಡುಗೆ ಅಂತ ಕೇಳಿದೆ. ಝುಣಕ ಅಂದಳು.

೧೩ ಸೆಪ್ಟೆಂಬರ್, ಶನಿವಾರ

ವಿಜಯ ತವರಿಗೆ ಬಂದಳು, ಸಿಡ್ನಿಯಿಂದ ರೈಲಿನಲ್ಲಿ. ಸ್ಪೆನ್ಸರ್ ಸ್ಟ್ರೀಟ್ ಸ್ಟೇಷನ್ನಿಗೆ ಕಾರು ಒಯ್ಯಲಿಲ್ಲ. ಟ್ರಾಮಿನಲ್ಲಿ, ಆಮೇಲೆ ನಡೆದು, ಸೂಟ್‌ಕೇಸ್ ನನ್ನ ತಲೆಯ ಮೇಲೆ. “ಥೇಟ್ ಹುಬ್ಬಳ್ಳಿ ಹಮಾಲ ಆಗೀಯಲ್ಲೋ ಅಣ್ಣಾ” ಅಂದಳು. ನಕ್ಕಳು ಅಂತ ಬರೆಯುವಷ್ಟು ನಗು ಅಲ್ಲ ಅದು. ಹೇಮಾ ಬಾಗಿಲಲ್ಲಿ ನಿಂತಿದ್ದಳು. ನೀರು ನಿವಾಳಿಸಬೇಕೋ ಬೇಡವೋ ಗೊತ್ತಾಗದೆ ತಂಬಿಗೆ ಹಿಡಿದುಕೊಂಡೇ ಅಪ್ಪಿಕೊಂಡಳು. ನೀರು ಚೆಲ್ಲಿ ಇಬ್ಬರೂ ನೆನೆದರು.

೧೮ ಸೆಪ್ಟೆಂಬರ್, ಗುರುವಾರ

ಆಫೀಸಿನಿಂದ ಬಂದಾಗ ವಿಜಯ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು, ಮಡಿಲಲ್ಲಿ ಆ ಕಾಯಿ. ಎದುರಿಗೆ ಹೇಮಾ. ಇಬ್ಬರ ಕಣ್ಣೂ ಕೆಂಪಾಗಿದ್ದವು. ಅಕ್ಕಿ ತೆಗೆಯಲು ಹೋಗಿ ಸಿಕ್ಕಿತಂತೆ.

ವಿಜಯ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನೀರಿನ ಸಪ್ಪಳವಿಲ್ಲ. ಒಳಗೆ ಒಣಗಿ ಕೊಬ್ಬರಿ ಗಿಟಕ ಆಗಿ ಕಟಕಟ ಅನ್ನುತ್ತಿತ್ತು.

“ಅಣ್ಣಾ, ಬೆಲ್ಟ ಕೊಂದದ್ದು ಖರೇನೋ ಅಲ್ಲೋ? ಈಗ ಖರೇ ಹೇಳು. ಫೋನಿನ್ಯಾಗ ಹೇಳಿಧಂಗ ಬ್ಯಾಡ.”

ನಾನೂ ನೆಲಕ್ಕೆ ಕೂತೆ. “ಆ ಬೆಲ್ಟ ಅರ್ಧ ಇತ್ತು, ವಿಜ್ಜಿ. ಪೂರ್ತಿ ಇರಬೇಕಾಗಿತ್ತು. ಅದನ್ನ ನಾವು ಹಾಕಿದ್ದೂ ನೆಟ್ಟಗಿರಲಿಲ್ಲ. ನೀ ಕುಂತ ಜಾಗಾನೂ ಆ ಜಾಗಾ ಆಗಬಾರದಿತ್ತು. ಎದುರಿನಾಂವ ತಿರುಗಬಾರದಿತ್ತು. ಎಲ್ಲಾ ಖರೇ. ಆದರ ಆ ಅರ್ಧ ಬೆಲ್ಟೂ ಇರದಿದ್ರ ಇವತ್ತ ನೀನೂ ಇರ್ತಿದ್ದಿಲ್ಲ. ಅದನ್ನ ನಾ ನಿನಗ ಹೇಳಲೇ ಇಲ್ಲ.”

ಅವಳು ಕಾಯಿಯ ಜುಟ್ಟು ಸವರಿದಳು. ಆಮೇಲೆ ಹೇಮಾಳ ಕಡೆ ತಿರುಗಿದಳು.

“ವೈನಿ, ಇದು ಮನಿ ಮುಟ್ಟಲಿಲ್ಲಲ್ಲಾ. ನನ್ನ ಉಡಿ ತುಂಬ್ರಿ. ಇದ ಕಾಯಿ ಹಾಕಿ ತುಂಬ್ರಿ. ಕಾರಿನ್ಯಾಗ ಹೊಂಟಿತ್ತು, ಕಾರಿನ್ಯಾಗ ಮನಿ ಮುಟ್ಟಲಿ.”

೨೧ ಸೆಪ್ಟೆಂಬರ್, ಭಾನುವಾರ. ಆಲ್ಬರಿ

ಮೆಲ್ಬರ್ನಿನಿಂದ ಸಿಡ್ನಿಗೆ ಒಂದೇ ದಿನದಲ್ಲಿ ಹೋಗಬಹುದು. ನಾವು ಅರ್ಧ ದಾರಿಯಲ್ಲಿ ಉಳಿದುಕೊಂಡಿದ್ದೇವೆ. ಅವಸರವಿಲ್ಲ.

ಬೆಳಿಗ್ಗೆ ಹೇಮಾ ಸೀರೆ ಉಟ್ಟಳು. ವಿಜಯಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಖಣ, ಆ ಕಾಯಿ. ಹಾಡು ಹಾಡಲಿಲ್ಲ. ವಿಜಯ ಉಡಿ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದಳು, ಕಾರಿನ ಹತ್ತಿರ ನಿಂತಳು. ನಮ್ಮದೂ ಹಳೆಯ ಕಾರು. ಹಿಂದೆ ನಡುವೆ ಅದೇ ಅರ್ಧ ಬೆಲ್ಟು. ನಾನು ಮಾತಾಡಲಿಲ್ಲ. ಹೇಮಾಳೂ ಕೇಳಲಿಲ್ಲ. ಎಷ್ಟೋ ಹೊತ್ತಾದ ಮೇಲೆ ವಿಜಯ ತಾನೇ ಸೆರಗು ಬಿಚ್ಚಿ ಎಲ್ಲವನ್ನೂ ಒಂದು ಶಾಲಿನಲ್ಲಿ ಕಟ್ಟಿದಳು. ಗಂಟನ್ನು ನಡುವಿನ ಸೀಟಿನಲ್ಲಿಟ್ಟಳು.

“ಬಿಚ್ಚಿಲ್ಲ ವೈನಿ. ಬಾಜೂಕ ಇಟ್ಟೇನಿ ಅಷ್ಟ.”

“ಹೌದವಾ. ಬಾಜೂಕ ಇರಲಿ.”

ಅವಳು ಒಂದು ಕಿಟಕಿಗೆ, ಹೇಮಾ ಇನ್ನೊಂದಕ್ಕೆ. ನನ್ನ ಪಕ್ಕದ ಮುಂದಿನ ಸೀಟು ಖಾಲಿ. ಎಂಜಿನ್ ಶುರು ಮಾಡದೆ ಕಾದೆ. ಹಿಂದೆ ಬೆಲ್ಟು ಸರಸರ ಎಳೆದ ಸಪ್ಪಳ. ಕ್ಲಿಕ್ ಅಂತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೊಂದು ಕ್ಲಿಕ್.

ಈ ಸಲ ತಿರುಗಿ ನೋಡಿದೆ. ಮೊದಲು ಗಂಟಿಗೆ ಹಾಕಿದ್ದಳು. ಕೆಳಗೆ, ಬಿಗಿಯಾಗಿ, ಒಂದು ಮಡಿಕೆಯೂ ಇಲ್ಲದಂತೆ. ಆಮೇಲೆ ತನಗೆ. ಭುಜದ ಮೇಲೆ ಬೆಲ್ಟು ಸರಿಯಾಗಿ ಕೂತಿತ್ತು. ಅವಳ ಒಂದು ಕೈ ಗಂಟಿನ ಮೇಲಿತ್ತು.

ಊರು ದಾಟಿ ಹೈವೇಗೆ ಬಂದ ಮೇಲೆ ಯಾಕೋ ಬಾಯಿಗೆ ಬಂತು, “ಒಂದೂರಾಗ ಒಬ್ಬ ಹೊಸಾ ಸೊಸಿ ಇದ್ದಳು. ನೀರ ಸೇದೂವಾಗ ಕೊಡಾ ಬಾವ್ಯಾಗ ಬಿತ್ತು.” ನಿಲ್ಲಿಸಿದೆ. ಸುಮ್ಮನೆ ಓಡಿಸಿದೆ. ಎರಡು ಪಕ್ಕದಲ್ಲೂ ಸಾಸಿವೆ ಬಣ್ಣದ ಹೊಲ.

“ಹೂಂ” ಅಂದಳು ವಿಜಯ.

ಹಗ್ಗ ಬಂತು, ಗಾಲಿ ಬಂತು, ಬಡಿಗ ಬಂದ, ಹಸಿ ಕಟ್ಟಿಗೆ ಬಂತು, ಮರ ಬಂತು, ಮರಕ್ಕೆ ನೀರುಣಿಸಿದ ಮಳೆ ಬಂತು. ಪ್ರತಿಯೊಂದಕ್ಕೂ ಹೂಂ. ಮಳೆಯಾದ ಮೇಲೆ ನನಗೆ ದಾರಿ ತಿಳಿಯಲಿಲ್ಲ. ಮೋಡವನ್ನು ಕರೆಸೋಣ ಅಂತಿದ್ದೆ.

“ಅಣ್ಣಾ,” ಅಂದಳು, “ಪಂಚಾಯ್ತಿ ಇರಲಿ. ಆ ಕೊಡಾ ಯಾರರೆ ಬಾವ್ಯಾಗಿಂದ ತಗದ್ರೋ ಇಲ್ಲೋ?”

ಅದೇ ಕೊನೆ. ಆಯಿಯ ಕತೆಯಲ್ಲಿ ಸೊಸೆ ಕೇಳುವ ಮಾತು ಅದೇ. ಪಂಚಾಯ್ತಿ ಎದ್ದು ಹೋದ ಮೇಲೆ ಅವಳೊಬ್ಬಳೇ ಬಾವಿಗಿಳಿಯುತ್ತಾಳೆ.

೨೨ ಸೆಪ್ಟೆಂಬರ್, ಸೋಮವಾರ. ವೆಸ್ಟ್‌ಮೀಡ್

ಮಧ್ಯಾಹ್ನ ಮುಟ್ಟಿದೆವು. ಪ್ರಮೋದ್ ರಜೆ ಹಾಕಿ ಕೆಳಗೆ ಕಾಯುತ್ತ ನಿಂತಿದ್ದ. ಗಂಟನ್ನು ಎತ್ತಿಕೊಳ್ಳಲು ಕೈ ಚಾಚಿದ.

“ತಡೀರಿ, ನಾನ ತಗೋತೇನಿ” ಅಂದಳು ವಿಜಯ. ತನ್ನ ಬೆಲ್ಟು ಬಿಚ್ಚಿದಳು. ಆಮೇಲೆ ಅದರದನ್ನು ಬಿಚ್ಚಿದಳು, ಸಪ್ಪಳವಾಗದ ಹಾಗೆ. ಒಂದು ಕೈ ಕೆಳಗೆ ಕೊಟ್ಟು, ಒಂದು ಕೈ ಮೇಲೆ ಇಟ್ಟು ಎತ್ತಿಕೊಂಡಳು.

ನಾನು ಮುಂದೆ ಹೋಗಿ ಬಾಗಿಲು ತೆರೆದು ಹಿಡಿದೆ.